ಮಾರುವ ಮುಂಚೆ, ಕುಯ್ಯುವ ಮುಂಚೆ: ಹಳೇ ಜೀಪಿನ ಮಾಲೀಕರಿಗೊಂದು ಬಹಿರಂಗ ಪತ್ರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳೇ ಜೀಪಿನ ಮಾಲೀಕರಿಗೆ,

ಈಚೆಗೆ ನಮ್ಮ ಕಡೆ ಬೆಂಗಳೂರಿನವರ ಓಡಾಟ ಜಾಸ್ತಿಯಾಗಿದೆ. ಜಮೀನು ಕೇಳಿಕೊಂಡು ಬರುವವರ ಮಾತು ಬಿಡಿ, ಅವರು ಯಾವತ್ತೂ ಇದ್ದವರೇ. ಈಗ ಬರುವವರು ಕೇಳುವುದು ಜೀಪು. ಕೊಟ್ಟಿಗೆಯ ಪಕ್ಕದಲ್ಲೋ ಹುಣಸೆ ಮರದ ಕೆಳಗೋ ನಿಂತಿರುವ ಗಾಡಿಯ ಬಾನೆಟ್ ಎತ್ತಿ ನೋಡುತ್ತಾರೆ, ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆಯುತ್ತಾರೆ, "ಯಜಮಾನ್ರೇ, ಎಷ್ಟಕ್ಕೆ ಕೊಡ್ತೀರಾ?" ಅನ್ನುತ್ತಾರೆ. ಮನೆ ಹುಡುಗರು "ಕೊಟ್ಟು ಕಳಿಸಪ್ಪ, ಜಾಗನಾದ್ರೂ ಖಾಲಿಯಾಗ್ಲಿ" ಅನ್ನುತ್ತಾರೆ.

ಮಾರಬೇಡಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಇಟ್ಟುಕೊಳ್ಳುವುದಾದರೆ ಓಡಿಸಿ, ಆಗದಿದ್ದರೆ ಓಡಿಸುವವನಿಗೆ ಕೊಡಿ. ಎರಡನ್ನೂ ಮಾಡದೆ ನಿಲ್ಲಿಸಿಟ್ಟರೆ, ಕಟ್ಟಿಹಾಕಿದ ಎತ್ತಿಗೆ ಗೊರಸು ಬೆಳೆದ ಹಾಗೆ, ಜೀಪು ನಿಂತಲ್ಲೇ ಹಾಳಾಗುತ್ತದೆ. ಅದಕ್ಕೂ ಮುಂಚೆ ಅದರ ಆರ್‌ಸಿ ಸಾಯುತ್ತದೆ. ಕಬ್ಬಿಣ ಹಾಳಾದರೆ ಬೆಸುಗೆ ಹಾಕಬಹುದು, ಆರ್‌ಸಿ ಸತ್ತರೆ ಎದ್ದೇಳಿಸುವುದು ಕಷ್ಟ.

ಅಮೆರಿಕದ ಹಳೇ ಕಾರು ಸಾಕುವುದು ಶ್ರೀಮಂತರ ಶೋಕಿ ಎನ್ನುವವರಿದ್ದಾರೆ. ಅವರ ಕಣ್ಣಮುಂದೆ ಇರುವುದು ಉದ್ದನೆ ಬಾಲದ ಕ್ಯಾಡಿಲಾಕು. ನಮ್ಮ ದೇಶಕ್ಕೂ ದೊಡ್ಡ ಗಾಡಿಗಳು ಬಂದಿದ್ದವು. ಜನರಲ್ ಮೋಟಾರ್ಸ್‌ನವರು 1928ರಲ್ಲೇ ಬೊಂಬಾಯಿಯಲ್ಲಿ ಷೆವರ್ಲೆ ಜೋಡಿಸುತ್ತಿದ್ದರು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಕುರ್ಲಾದ ಕಾರ್ಖಾನೆಯಲ್ಲಿ ಡಾಡ್ಜ್, ಪ್ಲಿಮತ್, ಫಾರ್ಗೊಗಳನ್ನು ಹೊರಬಿಟ್ಟಿತು. ಫಾರ್ಗೊ ಲಾರಿ ಎಂದರೆ ನಮ್ಮ ಹಿರಿಯರಿಗೆ ಈಗಲೂ ನೆನಪಿದೆ. ಬಿಡಿಭಾಗ ತಂದು ಬರೀ ಜೋಡಿಸಿ ಮಾರಿದರೆ ಸಾಲದು, ಇಲ್ಲೇ ತಯಾರಿಸಬೇಕು ಎಂದು 1953ರಲ್ಲಿ ಸುಂಕ ಆಯೋಗ ಹೇಳಿದ ಮೇಲೆ ಜನರಲ್ ಮೋಟಾರ್ಸೂ ಫೋರ್ಡೂ ಬಾಗಿಲು ಹಾಕಿಕೊಂಡು ಹೋದವು. 1973ರಲ್ಲಿ ಪೆಟ್ರೋಲ್ ದರ ಏರಿತು. ದೊಡ್ಡ ಕಾರುಗಳಲ್ಲಿ ಕೆಲವು ಡೀಸೆಲ್ ಎಂಜಿನ್ ಕೂರಿಸಿಕೊಂಡು ಟ್ಯಾಕ್ಸಿಯಾದವು, ಮಿಕ್ಕವು ಗುಜರಿಗೆ ಹೋದವು.

ಉಳಿದದ್ದು ಜೀಪು ಒಂದೇ. ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊದಲ್ಲಿ ವಿಲ್ಲಿಸ್ ಕಂಪನಿ ಯುದ್ಧಕ್ಕೆಂದು ಮಾಡಿದ ಗಾಡಿ ಅದು. ವಿಲ್ಲಿಸ್ ಮತ್ತು ಫೋರ್ಡ್ ಸೇರಿ 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದ್ದವು. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಗಾಡಿಗಳು ಇಲ್ಲಿನ ಜನರ ಕೈಸೇರಿದವು. 1947ರಲ್ಲಿ ಮಹೀಂದ್ರದವರು ಮೊದಲ 75 ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿದರು, ಆಮೇಲೆ ಬೊಂಬಾಯಿಯ ಮಜಗಾಂವ್‌ನಲ್ಲಿ ಜೋಡಣೆ ಶುರುಮಾಡಿದರು. ನಿಧಾನಕ್ಕೆ ಜೋಡಣೆ ಹೋಗಿ ತಯಾರಿಕೆಯೇ ಇಲ್ಲಿಗೆ ಬಂತು. ನಾವು "ಎತ್ತರದ ಬಾನೆಟ್ಟಿನ ಜೀಪು" ಅನ್ನುತ್ತೇವಲ್ಲ, ಆ ಸಿಜೆ-3ಬಿ ಅಮೆರಿಕದಲ್ಲಿ 1953ರಲ್ಲಿ ಹುಟ್ಟಿ 1968ಕ್ಕೆ ನಿಂತುಹೋಯಿತು. ಇಲ್ಲಿ ಅದರ ಸಂತಾನ ಆಮೇಲೂ ದಶಕಗಟ್ಟಲೆ ಬೆಳೆಯಿತು. ಇದೇ ವಂಶದ ರೊಕ್ಸರ್ ಎಂಬ ಗಾಡಿಯನ್ನು ಮಹೀಂದ್ರದವರು ಕೆಲವು ವರ್ಷಗಳ ಹಿಂದೆ ಅಮೆರಿಕಕ್ಕೇ ಒಯ್ದು ಮಾರಲು ಹೋದರು. ನಮ್ಮ ಮುಖಚಹರೆ ಕದ್ದಿದ್ದೀರಿ ಎಂದು ಅಲ್ಲಿನ ಜೀಪ್ ಕಂಪನಿ ದೂರು ಹಾಕಿತು, 2020ರಲ್ಲಿ ಮಹೀಂದ್ರ ಸೋತು ಮೂತಿ ಬದಲಿಸಬೇಕಾಯಿತು. ತವರಿಗೆ ಹೋದ ಮಗಳನ್ನು ಗುರುತೇ ಹಿಡಿಯದ ತವರು ಅದು!

ನಮ್ಮ ನಾಲ್ಕು ತಾಲ್ಲೂಕಿಗೆ ಜೀಪು ಬಂದದ್ದು ಶೋಕಿಯ ದಾರಿಯಲ್ಲಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ ಬ್ಲಾಕಿಗೊಬ್ಬ ಬಿಡಿಓ ಬಂದರು, ಬಿಡಿಓ ಜೊತೆಗೆ ಜೀಪೂ ಬಂತು. ಮಲೇರಿಯಾದವರದು, ಆಸ್ಪತ್ರೆಯವರದು, ಅರಣ್ಯ ಇಲಾಖೆಯದು ಎಂದು ಒಂದೊಂದಾಗಿ ಸೇರಿಕೊಂಡವು. ಇಲಾಖೆಗೆ ಸಾಕಾದ ಮೇಲೆ "ಕಂಡಮ್" ಎಂದು ಬರೆದು ಹರಾಜು ಹಾಕಿದರು. ಅಲ್ಲಿಂದ ಅದು ಕಡ್ಲೆಕಾಯಿ ಮಂಡಿಯವರ ಕೈಗೆ, ಅವರಿಂದ ತೋಟದವರ ಕೈಗೆ ಬಂತು. ಮಿಡಿಗೇಶಿಯಿಂದ ಮೂಟೆ ಹೊತ್ತದ್ದು, ಚುನಾವಣೆಯಲ್ಲಿ ಮೈಕು ಕಟ್ಟಿಕೊಂಡು ಓಟು ಕೇಳಿದ್ದು, ಗೊರವನಹಳ್ಳಿಗೆ ಹರಕೆಯವರನ್ನು ತುಂಬಿಕೊಂಡು ಹೋದದ್ದು, ಬುಕ್ಕಾಪಟ್ಟಣದ ಕಡೆಯ ಕಾಡುದಾರಿಯಲ್ಲಿ ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಎಲ್ಲ ಇದೇ ಗಾಡಿ. ಪ್ಲಿಮತ್ ಕಾರಿಗೆ ಟಾರು ರಸ್ತೆ ಬೇಕಿತ್ತು. ಜೀಪಿಗೆ ಬಂಡಿಜಾಡು ಸಾಕಾಗಿತ್ತು.

ಹಾಗಾದರೆ ನಿಮ್ಮ ಮನೆ ಮುಂದೆ ನಿಂತಿರುವುದು ಯಾವುದು? ಮೊದಲು ಮೂತಿ ನೋಡಿ. ಜಾಲರಿಯಲ್ಲಿ ಒಂಬತ್ತು ಸೀಳಿದ್ದರೆ ಅದು ಯುದ್ಧಕಾಲದ್ದು, ಏಳಿದ್ದರೆ ಆಮೇಲಿನದು. ಒಂಬತ್ತಿದ್ದರೆ ಬಗ್ಗಿ ರೇಡಿಯೇಟರ್ ಕೆಳಗೆ ಅಡ್ಡಕ್ಕಿರುವ ಚಾಸಿಸ್ ಪಟ್ಟಿ ನೋಡಿ. ಅದು ದುಂಡನೆ ಪೈಪಿದ್ದರೆ ವಿಲ್ಲಿಸ್, ಚೌಕಾಕಾರದಲ್ಲಿ ಕವುಚಿದಂತಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟಿನ ತಲೆಯ ಮೇಲೂ ತಮ್ಮ 'ಎಫ್' ಅಕ್ಷರ ಹೊಡೆದಿದ್ದಾರೆ. ಮೂತಿ ಬದಲಾಯಿಸಿದ ಗಾಡಿಗಳು ನಮ್ಮ ಕಡೆ ಬೇಕಾದಷ್ಟಿವೆ. ಆದ್ದರಿಂದ ಜಾಲರಿ ಒಂದನ್ನೇ ನಂಬಬೇಡಿ, ಚಾಸಿಸ್ ಹೇಳಿದ್ದನ್ನು ನಂಬಿ. ಗುರುತು ಗೊತ್ತಿಲ್ಲದೆ ವ್ಯಾಪಾರಕ್ಕೆ ಕೂತರೆ ಬೆಲೆ ಕಟ್ಟುವವನು ಬಂದವನೇ.

ಎತ್ತರದ ಬಾನೆಟ್ಟಿನ ಪೆಟ್ರೋಲ್ ಜೀಪಿನಲ್ಲಿರುವುದು ಹರಿಕೇನ್ ಎಂಜಿನ್, 2.2 ಲೀಟರಿನದು. ಒಳಗೆ ಬರುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಹೋಗುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಹೀಗೆ ಎರಡಂತಸ್ತು ಮಾಡಿದ್ದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ನೋಡಲು ಚೆಂದವಿಲ್ಲ ಎಂದು ಆಗಿನ ಅಮೆರಿಕದವರು ಗೊಣಗಿದ್ದರಂತೆ. ಗೊಣಗಲಿ ಬಿಡಿ, ಅದೇ ಎತ್ತರದಿಂದ ನಮ್ಮ ಮೆಕ್ಯಾನಿಕ್‌ಗೆ ಕೈ ಹಾಕಲು ಜಾಗ ಸಿಕ್ಕಿತು. ಕಂಪ್ರೆಷನ್ ಕಮ್ಮಿ, ಶಕ್ತಿ 75 ಕುದುರೆ, ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್ ಕೊಟ್ಟರೆ ಸಂತೋಷ ಪಡಬೇಕು. ಆದರೆ ಸ್ಪಾನರ್ ಸೆಟ್ಟು, ಫೀಲರ್ ಗೇಜು, ತಾಳ್ಮೆ ಇದ್ದರೆ ಇದರ ಮುಕ್ಕಾಲು ಕೆಲಸ ಮನೆಯಂಗಳದಲ್ಲೇ ಮುಗಿಯುತ್ತದೆ. ಇವತ್ತಿನ ಯಾವ ಕಾರಿನ ಬಗ್ಗೆ ಆ ಮಾತು ಹೇಳಲು ಬರುತ್ತದೆ?

ಈಗ ಪೆಟ್ರೋಲಿನ ವಿಷಯ. ಬಂಕಿನಲ್ಲಿ ಸಿಗುತ್ತಿರುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ಕಂಪ್ರೆಷನ್ ಕಮ್ಮಿಯಿರುವ ಈ ಎಂಜಿನ್ ಅದನ್ನು ಸುಡಲು ತಕರಾರು ಮಾಡುವುದಿಲ್ಲ, ತಕರಾರು ಮಾಡುವುದು ರಬ್ಬರು. ಪೆಟ್ರೋಲ್ ಪಂಪಿನ ಡಯಾಫ್ರಂ, ಹಳೇ ಪೈಪು, ಕಾರ್ಕಿನ ವಾಷರು ಇವೆಲ್ಲ ಎಥೆನಾಲ್ ಕುಡಿದು ಊದಿಕೊಳ್ಳುತ್ತವೆ ಇಲ್ಲವೇ ಪುಡಿಯಾಗುತ್ತವೆ. ಎಥೆನಾಲ್ ತಡೆಯುವ ಪೈಪು ಈಗ ಸಿಗುತ್ತದೆ, ಕೇಳಿ ಹಾಕಿಸಿ. ಎಥೆನಾಲಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣವೂ ಇದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತದೆ, ತಳ ತುಕ್ಕು ಹಿಡಿಯುತ್ತದೆ. ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೆ. ಸೋರಿದರೆ ನೀವು ಕೂತಿರುವುದು ಪೆಟ್ರೋಲಿನ ಮೇಲೆಯೇ. ಹೊಸ ಪೆಟ್ರೋಲಿಗೆ ಎಂಜಿನ್ ತಡವರಿಸಿದರೆ, ಎಳೆಯುವಾಗ ಗುಕ್ಕು ಹೊಡೆದರೆ, ಕಾರ್ಬುರೇಟರಿನ ಜೆಟ್ಟು ಒಂದು ಸೈಜು ದೊಡ್ಡದು ಹಾಕಿಸಿ ನೋಡಿ.

ಏಪ್ರಿಲ್ ಬಿಸಿಲಿನಲ್ಲಿ ಪಾವಗಡದ ಕಡೆ ಓಡಿಸಿದವರಿಗೆ ಇನ್ನೊಂದು ಕಾಟ ಗೊತ್ತು. ಏರು ಹತ್ತುವಾಗ ಗಾಡಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕರೆಂಟು ಹೋಯಿತೆಂದು ಪಾಯಿಂಟ್ ಬಿಚ್ಚಲು ಕೂರಬೇಡಿ. ಪೆಟ್ರೋಲು ಪೈಪಿನಲ್ಲೇ ಕುದ್ದು ಆವಿಯಾಗಿದೆ ಅಷ್ಟೇ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ನೆರಳಿನಲ್ಲಿ ಒಂದು ಟೀ ಕುಡಿಯುವಷ್ಟು ಹೊತ್ತು ಬಿಡಿ, ತಾನೇ ಹೊರಡುತ್ತದೆ. ಪೈಪು ಸೈಲೆನ್ಸರ್ ಹತ್ತಿರ ಹಾದುಹೋಗದಂತೆ ಸರಿಸಿ ಕಟ್ಟಿದರೆ ಈ ರೋಗ ಅರ್ಧ ವಾಸಿ.

ಬ್ಯಾಟರಿ ಸತ್ತಾಗ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬಹುದಾದ ಗಾಡಿ ಇದು. ಮನೆಯ ಹುಡುಗರಿಗೆ ಅದನ್ನು ಕಲಿಸಿ, ಆದರೆ ಹ್ಯಾಂಡಲ್ ಹಿಡಿಯುವುದನ್ನು ಮೊದಲು ಕಲಿಸಿ. ಹೆಬ್ಬೆರಳನ್ನು ಮಿಕ್ಕ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿಂದ ಒತ್ತಬಾರದು. ಟೈಮಿಂಗ್ ಮುಂದಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಸುತ್ತಿ ಹಿಡಿದಿದ್ದರೆ ಹೆಬ್ಬೆರಳೋ ಮಣಿಕಟ್ಟೋ ಮುರಿಯಿತು ಎಂದೇ ಲೆಕ್ಕ.

ಪಂಚರ್ ಅಂಗಡಿಯಲ್ಲೂ ಪಕ್ಕದಲ್ಲೇ ನಿಂತಿರಿ. ವಿಲ್ಲಿಸ್ ಜೀಪಿನ ಎಡಗಡೆ ಚಕ್ರಗಳ ನಟ್ಟು ಉಲ್ಟಾ ತ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದ ಹುಡುಗ ವೀಲ್ ಸ್ಪಾನರಿಗೆ ಪೈಪು ಸಿಕ್ಕಿಸಿಕೊಂಡು ಎಡಕ್ಕೆ ತಿರುಗಿಸುತ್ತಾನೆ. ಬರಲಿಲ್ಲವೆಂದು ಹತ್ತಿ ನಿಂತು ತುಳಿಯುತ್ತಾನೆ. ಕಟ್ ಎಂದು ಸ್ಟಡ್ಡು ಮುರಿಯುತ್ತದೆ. ಸ್ಟಡ್ಡಿನ ತುದಿಯಲ್ಲಿ 'ಎಲ್' ಅಕ್ಷರ ಇದೆಯಾ ನೋಡಿ ಅವನಿಗೆ ತೋರಿಸಿ. ಐವತ್ತರ ವೇಗಕ್ಕೆ ಹೋದಾಗ ಮುಂದಿನ ಚಕ್ರ ಥರಥರ ನಡುಗಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತಾದರೆ ಅಲೈನ್‌ಮೆಂಟ್ ಅಂಗಡಿಗೆ ದುಡ್ಡು ಸುರಿಯಬೇಡಿ, ಕಿಂಗ್ ಪಿನ್ ಬೇರಿಂಗ್ ನೋಡಿಸಿ. ಶಿಮ್ ತೆಗೆದು ಬಿಗಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ರಿಪೇರಿ ಮಾತು ಇಷ್ಟು ಸಾಕು, ಇನ್ನು ಕುಯ್ಯುವವರ ಮಾತು. ಪೆಟ್ರೋಲ್ ದುಬಾರಿಯೆಂದು ಎಂಜಿನ್ ಕಿತ್ತು ಡೀಸೆಲ್ ಕೂರಿಸುವ ಅಭ್ಯಾಸ ನಮ್ಮಲ್ಲಿ ಎಪ್ಪತ್ತರ ದಶಕದಿಂದಲೂ ಇದೆ. ಆ ಕಾಲಕ್ಕೆ ಅದು ಬದುಕುವ ದಾರಿಯಾಗಿತ್ತು, ತಪ್ಪೆಂದು ನಾನು ಹೇಳಲಾರೆ. ಈಗ ಮಾಡಿಸುವುದು ಮಾತ್ರ ದಡ್ಡತನ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಕೆಳಗೆ ಡೀಸೆಲ್ ಇದ್ದರೆ ಎಫ್‌ಸಿ ಸಿಗುವುದಿಲ್ಲ, ಅಪಘಾತವಾದರೆ ಇನ್ಶೂರೆನ್ಸಿನವರಿಗೆ ಕೈ ತೊಳೆದುಕೊಳ್ಳಲು ನೆಪ ಸಿಗುತ್ತದೆ. ಕಿತ್ತ ಪೆಟ್ರೋಲ್ ಎಂಜಿನ್ ಇನ್ನೂ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ ತೂಕಕ್ಕೆ ಹಾಕಬೇಡಿ. ಅದರ ಮೇಲಿನ ನಂಬರು ಆರ್‌ಸಿಯ ನಂಬರಿಗೆ ತಾಳೆಯಾದರೆ ನಿಮ್ಮ ಜೀಪಿನ ಅರ್ಧ ಬೆಲೆ ಅಲ್ಲೇ ಮಲಗಿದೆ.

ಆರ್‌ಸಿ ವಿಷಯಕ್ಕೆ ಬರೋಣ. ನಮ್ಮ ನಾಲ್ಕೂ ತಾಲ್ಲೂಕಿಗೆ ಈಗ ಮಧುಗಿರಿಯ ಕೆಎ-64 ಕಚೇರಿಯೇ ಹತ್ತಿರ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅರ್ಜಿ ನಮೂನೆ 25. 2022ರ ಏಪ್ರಿಲ್‌ನಿಂದ ಕಾರು, ಜೀಪಿನ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ಆಮದು ಗಾಡಿ ಎಂದು ನಮೂದಾಗಿದ್ದರೆ 80,000. ಹಾಗಾಗಿ ನಿಮ್ಮ ಆರ್‌ಸಿಯಲ್ಲಿ ಏನು ಬರೆದಿದೆ ಎಂದು ಕನ್ನಡಕ ಹಾಕಿಕೊಂಡು ಓದಿ, ಮಹೀಂದ್ರದ ಜೀಪನ್ನು ಯಾವ ಗುಮಾಸ್ತನೂ ಅಮೆರಿಕದ್ದೆಂದು ಬರೆದಿಲ್ಲ ತಾನೇ? ನವೀಕರಣ ತಡವಾದರೆ ತಿಂಗಳಿಗೆ 500 ರೂಪಾಯಿ ದಂಡವೂ ನಿಯಮದಲ್ಲಿದೆ. ಮರದ ಕೆಳಗೆ ನಿಂತ ಜೀಪು ಸುಮ್ಮನೆ ನಿಂತಿಲ್ಲ, ಸಾಲ ಬೆಳೆಸಿಕೊಂಡು ನಿಂತಿದೆ.

ಬಹಳ ಜನರ ತೊಡಕು ಇನ್ನೂ ಹಿಂದಿನದು. ಆರ್‌ಸಿ ತಾತನ ಹೆಸರಿನಲ್ಲಿದೆ, ತಾತ ಇಲ್ಲ. ವಾರಸುದಾರರು ನಮೂನೆ 31ರಲ್ಲಿ ಅರ್ಜಿ ಕೊಡಬೇಕು, ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಅಣ್ಣತಮ್ಮಂದಿರ ಒಪ್ಪಿಗೆ ಸಿಗುವುದು ಕಿಂಗ್ ಪಿನ್ ಸಿಗುವುದಕ್ಕಿಂತ ಕಷ್ಟ, ನನಗೂ ಗೊತ್ತು. ಇಲಾಖೆ ಹರಾಜಿನಲ್ಲಿ ಕೊಂಡು ಹೆಸರು ಬದಲಾಯಿಸದೆ ಬಿಟ್ಟವರು ಹರಾಜಿನ ರಸೀದಿ ಹುಡುಕಿ, ಅದರ ನಮೂನೆ 32. ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರಿದ್ದರೆ ಅದು ಕಂಪ್ಯೂಟರಿನಲ್ಲಿ ಕಾಣದಿರಬಹುದು. ಮೂಲ ಪುಸ್ತಕ ತೋರಿಸಿ ಹಳೇ ದಾಖಲೆ ಏರಿಸಿಕೊಳ್ಳಿ ಎಂದು ಕೇಳಬೇಕು. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ನಂಬರಿನ ಮೇಲೆ ಗ್ರೀಸು, ಬಣ್ಣ, ತುಕ್ಕು ಮೆತ್ತಿರುತ್ತದೆ. ಸೀಮೆಎಣ್ಣೆ ಹಾಕಿ ನೆನೆಸಿ ತಂತಿ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ. ದಯವಿಟ್ಟು ಯಾರೂ ಅದರ ಮೇಲೆ ಗ್ರೈಂಡರ್ ಆಡಿಸಬೇಡಿ. ಒಂದು ಅಂಕಿ ಅಳಿಸಿದರೂ ಅದು ಕದ್ದ ಗಾಡಿಯಂತೆ ಕಾಣುತ್ತದೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವಾಗ ದಾರಿ ನಡುವೆ ಆಂಧ್ರದ ನೆಲ ತುಳಿದೇ ಹೋಗಬೇಕು. ಆರ್‌ಸಿ ಸತ್ತಿದ್ದರೂ ಊರೊಳಗೆ ಯಾರು ಕೇಳುತ್ತಾರೆ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ವಿಂಟೇಜ್ ನಂಬರಿನ ಬಗ್ಗೆ ಕೇಳುವವರಿದ್ದಾರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮ ಅದು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲಿರುವ ಗಾಡಿಗೆ 'ವಿಎ' ಅಕ್ಷರವಿರುವ ನಂಬರ್ ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲಿನ ಮರುನೋಂದಣಿಗೆ 5,000. ಕೇಳಲು ಚೆನ್ನಾಗಿದೆ. ಆದರೆ ಆ ನಂಬರ್ ಹಾಕಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗೆ ತರಬಹುದು. ದಿನದ ಓಡಾಟಕ್ಕಿಲ್ಲ, ಬಾಡಿಗೆಗಿಲ್ಲ. ಶಿರಾ ಸಂತೆಗೆ ಹೋಗುವಂತಿಲ್ಲ, ತೋಟಕ್ಕೆ ಗೊಬ್ಬರ ಹೇರುವಂತಿಲ್ಲ. ಬೆಂಗಳೂರಿನ ಗ್ಯಾರೇಜಿನಲ್ಲಿ ಬಟ್ಟೆ ಹೊದಿಸಿಟ್ಟುಕೊಳ್ಳುವವನಿಗೆ ಅದು ಸರಿ. ಆರ್‌ಸಿ ಇನ್ನೂ ಜೀವಂತವಿರುವ ನಮ್ಮಂಥವರಿಗೆ ಸಾಮಾನ್ಯ ನವೀಕರಣವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕಾಗದವೇ ಇಲ್ಲದ ಯುದ್ಧಕಾಲದ ಗಾಡಿ ಇಟ್ಟುಕೊಂಡವರು ಬೇಕಾದರೆ ಆ ಬಾಗಿಲು ತಟ್ಟಿ ನೋಡಲಿ.

ಹೊಸದಾಗಿ ಕೊಳ್ಳುವ ಹುಡುಗರಿಗೂ ಒಂದು ಮಾತು. ಹರಿಯಾಣದ ಮಂಡಿ ಡಬ್ವಾಲಿಯಿಂದ ದೊಡ್ಡ ಟೈರು, ಹೊಳೆಯುವ ಬಣ್ಣದ ಜೀಪುಗಳು ಟ್ರೈಲರಿನಲ್ಲಿ ಬರುತ್ತವೆ. ನೋಡಲು ಮದುವಣಗಿತ್ತಿ. ಹಲವು ಗಾಡಿಗಳ ಭಾಗ ಸೇರಿಸಿ ಕಟ್ಟಿದ್ದಾದರೆ ಕಾಗದ ಯಾವುದೋ, ಚಾಸಿಸ್ ಯಾವುದೋ. ಆ ದುಡ್ಡಿಗೆ ಪಕ್ಕದೂರಿನಲ್ಲಿ ಬಣ್ಣ ಮಾಸಿ ನಿಂತಿರುವ, ಒಂದೇ ಮನೆಯಲ್ಲಿ ಬೆಳೆದ ಜೀಪು ಸಿಗುತ್ತದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಿಸುವುದಿಲ್ಲ, ಅವು ಹೋಗುವುದು ಗುಜರಿ ಕೇಂದ್ರಕ್ಕೆ. ಇಲಾಖೆ ಹರಾಜಿನಿಂದ ಇನ್ನೊಂದು ಹಳೇ ಜೀಪು ಓಡಿಸಲಿಕ್ಕೆಂದು ನಮ್ಮ ಕೈಗೆ ಬರುವ ದಾರಿ ಮುಚ್ಚಿದೆ. ಇರುವುದು ಇಷ್ಟೇ.

ಇದಕ್ಕಿಂತ ನನಗೆ ಹೆಚ್ಚು ಯೋಚನೆ ಹತ್ತಿಸಿರುವುದು ಮೆಕ್ಯಾನಿಕ್‌ಗಳದು. ಎಂಜಿನ್ ಸದ್ದು ಕೇಳಿಯೇ ಯಾವ ವಾಲ್ವು ಸಡಿಲ ಎಂದು ಹೇಳುತ್ತಿದ್ದವರಿಗೆ ಈಗ ಕಣ್ಣು ಮಂಜು, ಮಂಡಿ ನೋವು. ಅವರ ಮಕ್ಕಳು ಸ್ಕ್ಯಾನರ್ ಹಿಡಿದಿದ್ದಾರೆ. ಜೀಪಿಗೆ ಸ್ಕ್ಯಾನರ್ ಚುಚ್ಚಲು ತೂತೇ ಇಲ್ಲ. ಓಡುವ ಜೀಪುಗಳು ವರ್ಷಕ್ಕೆ ಕೆಲವಾದರೂ ಗ್ಯಾರೇಜಿಗೆ ಹೋಗುತ್ತಿದ್ದರೆ ಒಬ್ಬ ಹುಡುಗನಾದರೂ ಪಾಯಿಂಟ್ ಸೆಟ್ ಮಾಡುವುದು ಕಲಿಯುತ್ತಾನೆ. ಎಲ್ಲವೂ ಮರದ ಕೆಳಗೇ ಇದ್ದರೆ ಅವನು ಯಾತಕ್ಕೆ ಕಲಿಯಬೇಕು?

ಆದ್ದರಿಂದ ನನ್ನ ಸಲಹೆ ಇದು. ಸಂಘ ಬೇಡ, ಅಧ್ಯಕ್ಷರು ಬೇಡ, ಟೀಷರ್ಟು ಮೊದಲೇ ಬೇಡ. ಯಾರ ಹತ್ತಿರ ಯಾವ ಜೀಪಿದೆ, ಯಾವ ಎಂಜಿನ್, ಏನು ಕೆಟ್ಟಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಗ್ಯಾಸ್ಕೆಟ್ ಕಿಟ್ಟು, ಕ್ಲಚ್ ಪ್ಲೇಟು, ಡಯಾಫ್ರಂ, ಕಿಂಗ್ ಪಿನ್ ಸೆಟ್ಟುಗಳನ್ನು ಒಬ್ಬೊಬ್ಬರೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಅಲೆದು ತರುವ ಬದಲು ಒಟ್ಟಿಗೆ ತರಿಸೋಣ. ನಿಜಕ್ಕೂ ಎದ್ದೇಳಲಾರದ ಜೀಪಿದ್ದರೆ ಅದರ ಮಾಲೀಕರು ಆಕ್ಸಲ್, ಗೇರ್‌ಬಾಕ್ಸುಗಳನ್ನು ಗುಜರಿಗೆ ಹಾಕುವ ಮುಂಚೆ ನಮಗೆ ಹೇಳಲಿ, ಗುಜರಿಯವನಿಗಿಂತ ಜಾಸ್ತಿ ಕೊಡೋಣ. ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕುರ್ಚಿ ಹಾಕಿ ಕೂರಿಸಿ, ಬಗ್ಗುವ ಕೆಲಸ ಹುಡುಗರು ಮಾಡಲಿ, ಅವರು ಬಾಯಲ್ಲಿ ಹೇಳಲಿ. ಕೂಲಿ ಮಾತ್ರ ಇಬ್ಬರಿಗೂ ಕೊಡಬೇಕು, ಪುಕ್ಕಟೆ ವಿದ್ಯೆ ಕೇಳುವುದು ನಮ್ಮಲ್ಲಿ ಜಾಸ್ತಿಯಾಯಿತು.

ಯುಗಾದಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಮಧುಗಿರಿ ಬೆಟ್ಟದ ಬುಡದಲ್ಲಿ ಸೇರೋಣ. ಜೀಪು ಓಡುತ್ತಿದ್ದರೆ ಜೀಪಿನಲ್ಲೇ ಬನ್ನಿ, ಇಲ್ಲದಿದ್ದರೆ ಬಸ್ಸಿನಲ್ಲಿ ಬನ್ನಿ. ಆರ್‌ಸಿ ಮೂಲಪ್ರತಿ ತನ್ನಿ, ಜೆರಾಕ್ಸ್ ಬೇಡ. ಫಾರಂ ತುಂಬಿಸುವವರನ್ನು ಕರೆತರುವ ಜವಾಬ್ದಾರಿ ನನ್ನದು.

ಇಂತಿ,
ನಿಮ್ಮ ಹಾಗೇ ಒಬ್ಬ ಜೀಪಿನ ಮಾಲೀಕ,
ಮಧುಗಿರಿ